ತಿಂಗಳಿಗೊಂದು ಪ್ರಯೋಗ: ಮುಂಬಯಿಯ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಒಂದು ವರ್ಷದ ಯೋಜನೆ

ಪ್ರಾಥಮಿಕ ಶಾಲೆಯ ತಿಂಗಳ ಕಾರ್ಯಕ್ರಮಗಳ ಪಟ್ಟಿಯನ್ನು ಜಯಂತಿಗಳು, ಹಬ್ಬಗಳು, ಪಾಲಕರ ಸಭೆ ಮತ್ತು ಘಟಕ ಪರೀಕ್ಷೆಗಳೇ ಬಹುಮಟ್ಟಿಗೆ ತುಂಬಿಬಿಡುತ್ತವೆ. ವಿಜ್ಞಾನದ ಪಾಲಿಗೆ ಬರುವುದು ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28 ಒಂದೇ ದಿನ. ಅಂದು ಥರ್ಮೋಕೋಲಿನ ಜ್ವಾಲಾಮುಖಿಗಳು, ಅಂಗಡಿಯಿಂದ ತಂದ ಸೌರಮಂಡಲಗಳು ಮೇಜಿನ ಮೇಲೆ ಸಾಲಾಗಿ ನಿಲ್ಲುತ್ತವೆ. ಮಕ್ಕಳು ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳನ್ನು ಅತಿಥಿಗಳಿಗೆ ಒಪ್ಪಿಸುತ್ತಾರೆ. ಸಂಜೆಗೆ ಎಲ್ಲವೂ ಕಸದ ಬುಟ್ಟಿ ಸೇರುತ್ತದೆ. ಇದಕ್ಕೆ ಬದಲಾಗಿ ಆಯಾ ತಿಂಗಳೇ ತನ್ನ ಪ್ರಯೋಗವನ್ನು ತಂದುಕೊಡುವಂತೆ ವರ್ಷವನ್ನು ಯೋಜಿಸಿಕೊಳ್ಳುವುದು ಸಾಧ್ಯವಿದೆ, ಮತ್ತು ಅದಕ್ಕೆ ಮುಂಬಯಿಯಷ್ಟು ಅನುಕೂಲವಾದ ಊರು ವಿರಳ. ಇಲ್ಲಿ ಜೂನಿನಲ್ಲಿ ಮಳೆ ತಾನಾಗಿ ಅಳತೆಗೆ ಸಿಗುತ್ತದೆ, ಸಮುದ್ರ ದಿನಕ್ಕೆರಡು ಬಾರಿ ಏರಿಳಿಯುತ್ತದೆ, ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಪ್ರಯೋಗಾಲಯವಿಲ್ಲವೆಂಬ ಕಾರಣಕ್ಕೆ ಇವು ಯಾವುವೂ ಕಾಯುವುದಿಲ್ಲ.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತಿದ್ದು ಅವುಗಳಲ್ಲಿ ಕನ್ನಡವೂ ಒಂದು. ಇದರ ಹೊರತಾಗಿ ನಮ್ಮ ಹಿರಿಯರು ಕಟ್ಟಿದ ಖಾಸಗಿ ಸಂಸ್ಥೆಗಳ ಶಾಲೆಗಳೂ ಇವೆ. ಇಂಥ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಮೂರನೆಯ, ನಾಲ್ಕನೆಯ, ಐದನೆಯ ಇಯತ್ತೆಗಳನ್ನು (ತರಗತಿಗಳನ್ನು) ಒಂದೇ ಕೋಣೆಯಲ್ಲಿ ಕೂರಿಸಬೇಕಾಗಿ ಬಂದಾಗ ಪಾಠ ಮಾಡುವವರಿಗೆ ಕಷ್ಟವಾಗುತ್ತದೆ, ನಿಜ. ಆದರೆ ಕೈಯಾರೆ ಮಾಡಿ ಕಲಿಯುವ ಕೆಲಸಕ್ಕೆ ಅದೇ ಲಾಭ: ಇಬ್ಬಿಬ್ಬರಿಗೆ ಒಂದು ಸಾಮಗ್ರಿ ಸಿಗುತ್ತದೆ, ದೊಡ್ಡ ಮಗು ಅಳೆದರೆ ಚಿಕ್ಕದು ಬರೆದುಕೊಳ್ಳುತ್ತದೆ. ಶಿಕ್ಷಕರು ಮೇಜಿನ ಮೇಲೆ ಮಾಡಿ ತೋರಿಸುವ ಇಪ್ಪತ್ತು ಪ್ರಯೋಗಗಳಿಗಿಂತ ಪ್ರತಿಯೊಂದು ಜೋಡಿಯೂ ತಾನೇ ಮಾಡಿದ ಒಂದು ಪ್ರಯೋಗ ಹೆಚ್ಚು ಬೆಲೆಯುಳ್ಳದ್ದೆಂಬುದು ಈ ಯೋಜನೆಯ ಆಧಾರ.

ತಿಂಗಳ ಸುತ್ತೋಲೆಯನ್ನು ಬರೆಯುವ ಬಗೆ

ಪಾಲಕರಿಗೆ ಹೋಗುವ ಸುತ್ತೋಲೆಯಲ್ಲಿ, ಅದು ಕಾಗದದಲ್ಲಿರಲಿ ವಾಟ್ಸಾಪಿನಲ್ಲಿರಲಿ, ರಜೆಗಳ ಮತ್ತು ಶುಲ್ಕದ ವಿಷಯ ಮುಗಿದ ಮೇಲೆ ವಿಜ್ಞಾನಕ್ಕಾಗಿ ಮೂರು ಸಾಲುಗಳನ್ನು ಕಾದಿರಿಸಬೇಕು. ಮೊದಲನೆಯ ಸಾಲು ಈ ತಿಂಗಳ ಪ್ರಶ್ನೆ. ಎರಡನೆಯದು ಮನೆಯಿಂದ ತರಬೇಕಾದ ವಸ್ತು. ಮೂರನೆಯದು ಹೋದ ತಿಂಗಳು ಮಕ್ಕಳು ಕಂಡುಕೊಂಡ ಒಂದು ಸಂಖ್ಯೆ. ‘ಮಳೆಯ ಬಗ್ಗೆ ಯೋಜನಾ ಕಾರ್ಯ ಮಾಡಿಸಿರಿ’ ಎಂದು ಬರೆದರೆ ತಾಯಂದಿರು ಸ್ಟೇಷನರಿ ಅಂಗಡಿಗೆ ಹೋಗಿ ಚಿತ್ರಪಟ ಕೊಂಡುತರುತ್ತಾರೆ. ‘ನಿನ್ನೆ ನಮ್ಮ ಶಾಲೆಯ ಮೇಲೆ ಎಷ್ಟು ಮಿಲಿಮೀಟರ್ ಮಳೆ ಬಿತ್ತೆಂದು ನಿಮ್ಮ ಮಗುವನ್ನು ಕೇಳಿರಿ’ ಎಂದು ಬರೆದರೆ ರಾತ್ರಿ ಊಟದ ಹೊತ್ತಿಗೆ ಆ ಮಾತು ಮನೆಯಲ್ಲಿ ಬರುತ್ತದೆ. ಹೋಟೆಲಿನ ಕೆಲಸ ಮುಗಿಸಿ ತಡವಾಗಿ ಮನೆಗೆ ಬರುವ ತಂದೆಗೂ ಉತ್ತರ ಕೊಡಬಹುದಾದ ಪ್ರಶ್ನೆಯಾಗಿರಬೇಕು ಅದು.

ತಿಂಗಳ ವಾರಗಳನ್ನು ಹೀಗೆ ಹಂಚಿಕೊಳ್ಳುವುದು ಅನುಕೂಲ: ಮೊದಲ ವಾರ ಪರಿಪಾಠದ (ಶಾಲೆಯ ಪ್ರಾರ್ಥನಾ ಸಭೆಯ) ಹೊತ್ತಿನಲ್ಲಿ ಪ್ರಶ್ನೆಯನ್ನು ಕೇಳಿ ಮಕ್ಕಳ ಊಹೆಗಳನ್ನು ಫಲಕದ ಮೇಲೆ ಅವರ ಹೆಸರಿನೊಂದಿಗೆ ಬರೆದಿಡುವುದು, ಎರಡನೆಯ ವಾರ ಮಾಡುವುದು, ಮೂರನೆಯ ವಾರ ಅದನ್ನೇ ಮತ್ತೊಮ್ಮೆ ಮಾಡುವುದು. ಈ ಎರಡನೆಯ ಬಾರಿಯನ್ನು ಬಿಡಬಾರದು, ಏಕೆಂದರೆ ಎರಡು ಅಳತೆಗಳು ಹೊಂದದಿದ್ದಾಗ ಮಾತ್ರ ಮಕ್ಕಳು ಅಳತೆಯನ್ನು ಕುರಿತು ಯೋಚಿಸತೊಡಗುತ್ತಾರೆ. ತಿಂಗಳ ಕೊನೆಗೆ ಊಹೆಗಳ ಪಕ್ಕದಲ್ಲಿ ಫಲಿತಾಂಶವನ್ನು ಬರೆದರೆ ಸಾಕು, ಬೇರೆ ಸಮಾರಂಭ ಬೇಡ. ಮನೆಯಲ್ಲಿ ತುಳುವನ್ನೋ ಕಲಬುರಗಿಯ ಕನ್ನಡವನ್ನೋ ಲಂಬಾಣಿಯನ್ನೋ ಆಡುವ ಮಕ್ಕಳು ಮೊದಲು ತಮಗೆ ಬಂದಂತೆ ಹೇಳಲಿ; ನೋಟುಪುಸ್ತಕದ ಭಾಷೆಯನ್ನು ಆಮೇಲೆ ತಿದ್ದಬಹುದು.

ಜೂನ್ ಮತ್ತು ಜುಲೈ: ಮಳೆಯನ್ನು ಅಳೆಯುವುದು

ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನಾಂಕ ಜೂನ್ 11. ಶಾಲೆ ತೆರೆಯುವುದು ಅದರ ಬೆನ್ನಿಗೇ. ಆದ್ದರಿಂದ ವರ್ಷದ ಮೊದಲ ಉಪಕರಣ ಮಳೆಮಾಪಕವೇ ಆಗಿರಬೇಕು. ಇದಕ್ಕೆ ಬೇಕಾದದ್ದು ನೇರ ಬದಿಯ ದೊಡ್ಡ ಪ್ಲಾಸ್ಟಿಕ್ ಬಾಟಲಿ, ಒಂದು ಹಿಡಿ ಸಣ್ಣ ಕಲ್ಲು, ಕಾಗದದ ಪಟ್ಟಿ ಮತ್ತು ಪಾರದರ್ಶಕ ಟೇಪು. ನಡುವೆ ಸೊಂಟ ಸಪೂರವಾಗಿರುವ ತಂಪು ಪಾನೀಯದ ಬಾಟಲಿ ಇದಕ್ಕೆ ಒದಗುವುದಿಲ್ಲ. ಬಾಟಲಿಯ ಭುಜ ಆರಂಭವಾಗುವ ಕಡೆ ದೊಡ್ಡವರು ಕತ್ತರಿಸಿಕೊಡಬೇಕು. ಕತ್ತರಿಸಿದ ಮೇಲ್ಭಾಗವನ್ನು ತಲೆಕೆಳಗು ಮಾಡಿ ಕೆಳಭಾಗದಲ್ಲಿ ಕೂರಿಸಿದರೆ ಆಲಿಕೆ ಸಿದ್ಧವಾಗುತ್ತದೆ, ಬಿದ್ದ ನೀರು ಆವಿಯಾಗುವುದನ್ನೂ ಅದು ಕಡಿಮೆ ಮಾಡುತ್ತದೆ. ಬಾಟಲಿಯ ತಳ ಡೊಂಕಾಗಿರುವುದರಿಂದ ಅಲ್ಲಿಂದ ಅಳೆಯಲಾಗದು. ಹಾಗಾಗಿ ಕಲ್ಲುಗಳನ್ನು ಹಾಕಿ, ನೇರ ಭಾಗ ಆರಂಭವಾಗುವವರೆಗೆ ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸರಿಯಾಗಿ ಸೊನ್ನೆ ಬರುವಂತೆ ಮಿಲಿಮೀಟರಿನ ಪಟ್ಟಿಯನ್ನು ಅಂಟಿಸಬೇಕು. ಕತ್ತರಿಸಿದ ಬಾಯಿಯ ಅಗಲವೂ ಒಡಲಿನ ಅಗಲವೂ ಒಂದೇ ಆಗಿದ್ದರೆ ಒಳಗೆ ಏರಿದ ನೀರಿನ ಎತ್ತರವೇ ಮಳೆಯ ಅಳತೆ. ಪ್ರತಿದಿನ ಓದಿದ ಬಳಿಕ ಬಾಟಲಿಯನ್ನು ಬರಿದು ಮಾಡದೆ ಸೊನ್ನೆಯ ಗೆರೆಯವರೆಗೆ ಮಾತ್ರ ನೀರು ಚೆಲ್ಲಬೇಕು.

ಇಡುವ ಜಾಗದ ಬಗ್ಗೆ ಸ್ವಲ್ಪ ಹಟ ಮಾಡಬೇಕಾಗುತ್ತದೆ. ಹತ್ತಿರದ ಗೋಡೆ ಅಥವಾ ಮರ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕವಿರಬೇಕೆಂಬುದು ನಿಯಮ. ಮುಂಬಯಿಯ ಶಾಲೆಗಳಿಗೆ ಅಂಥ ಅಂಗಳ ಎಲ್ಲಿಂದ ಬರಬೇಕು? ತಾರಸಿಯ ನಡುಭಾಗದಲ್ಲಿ, ಕಟಾಂಜನದಿಂದ ದೂರದಲ್ಲಿ, ಮೂರು ಇಟ್ಟಿಗೆಗಳ ನಡುವೆ ಬಿಗಿಯಾಗಿ ನಿಲ್ಲಿಸುವುದೇ ಸಾಧ್ಯವಿರುವ ಉಪಾಯ. ಆದರೆ ತಾರಸಿ ಪಾಚಿಗಟ್ಟಿರುವ ದಿನಗಳಲ್ಲಿ ಮಕ್ಕಳನ್ನು ಮೇಲೆ ಕಳಿಸದೆ ಶಿಪಾಯಿಯವರೋ ಶಿಕ್ಷಕರೋ ಬಾಟಲಿಯನ್ನು ಅಲುಗಿಸದೆ ಕೆಳಗೆ ತಂದು, ಓದುವ ಕೆಲಸವನ್ನು ಮಾತ್ರ ಮಕ್ಕಳಿಗೆ ಬಿಡಬೇಕು. ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದುವುದನ್ನು ಮೊದಲ ವಾರವೇ ಕಲಿಸಿಬಿಡಬೇಕು. ನಿಂತು ಮೇಲಿನಿಂದ ನೋಡುವ ಮಗು ಒಂದು ಅಂಕಿ ಹೇಳುತ್ತದೆ, ಮೊಣಕಾಲೂರಿ ನೋಡುವ ಮಗು ಇನ್ನೊಂದು ಹೇಳುತ್ತದೆ. ಆಗ ಯಾರದ್ದು ಸರಿಯೆಂದು ಶಿಕ್ಷಕರು ತೀರ್ಪು ಕೊಡುವ ಬದಲು ಇಬ್ಬರ ಜಾಗವನ್ನೂ ಅದಲುಬದಲು ಮಾಡಿ ಮತ್ತೆ ಓದಿಸಬೇಕು.

ಹವಾಮಾನ ಇಲಾಖೆ ಬೆಳಗಿನ 8.30ರಿಂದ ಮರುದಿನ ಬೆಳಗಿನ 8.30ರವರೆಗಿನ ಮಳೆಯನ್ನು ಒಂದು ದಿನದ ಮಳೆಯೆಂದು ಲೆಕ್ಕ ಹಾಕುತ್ತದೆ. ಬೆಳಗಿನ ಪಾಳಿಯ ಶಾಲೆಗೆ ಇದು ಹೊಂದಿಬರುತ್ತದೆ. ಮಧ್ಯಾಹ್ನದ ಪಾಳಿಯವರು ತಮ್ಮದೇ ಸಮಯವನ್ನು ನಿಗದಿಮಾಡಿಕೊಂಡು ಅದನ್ನು ತಪ್ಪದೆ ಪಾಲಿಸಿದರಾಯಿತು. ರವಿವಾರದ ಸಮಸ್ಯೆಯೊಂದಿದೆ. ಸೋಮವಾರ ಸಿಗುವ ಅಂಕಿ ಎರಡು ದಿನಗಳದ್ದು; ಲೆಕ್ಕದಲ್ಲಿ ಚುರುಕಾದ ಮಗು ಅದನ್ನು ಎರಡರಿಂದ ಭಾಗಿಸಿ ಎರಡೂ ಮನೆಗಳಲ್ಲಿ ಬರೆದುಬಿಡಲು ಹೊರಡುತ್ತದೆ. ಅಲ್ಲಿ ತಡೆಯಬೇಕು. ಎರಡು ದಿನಗಳ ಮನೆಗಳನ್ನು ಒಂದಾಗಿಸಿ ಒಂದೇ ಅಂಕಿ ಬರೆಯುವುದು, ಅಳೆಯದೇ ಇರುವುದನ್ನು ಅಳೆದಂತೆ ತೋರಿಸದಿರುವುದು, ಪ್ರಾಥಮಿಕ ಶಾಲೆಯಲ್ಲಿ ಕಲಿಸಬಹುದಾದ ವಿಜ್ಞಾನದ ಬಹು ದೊಡ್ಡ ಭಾಗವೆಂದು ನನ್ನ ಅಭಿಪ್ರಾಯ.

ದಾಖಲೆಗೆ ಆಲೇಖ ಕಾಗದ ಬೇಡ. ಹಳೆಯ ಪತ್ರಿಕೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಸೀಳಿ, ಅಂದು 34 ಮಿಲಿಮೀಟರ್ ಮಳೆಯಾಗಿದ್ದರೆ ಪಟ್ಟಿಯನ್ನು 34 ಮಿಲಿಮೀಟರಿಗೇ ಕತ್ತರಿಸಿ, ದಿನಾಂಕ ಬರೆದು ಗೋಡೆಗೆ ಅಂಟಿಸಬೇಕು. ಒಂದರ ಮೇಲೊಂದು ಏರಿಸುತ್ತ ಹೋದರೆ ತಿಂಗಳ ಒಟ್ಟು ಮಳೆ ಕಣ್ಣೆದುರಿಗೇ ಬೆಳೆಯುತ್ತದೆ. ಜುಲೈ ಒಂದೇ ತಿಂಗಳಲ್ಲಿ 800 ಮಿಲಿಮೀಟರ್ ದಾಟುವುದು ಮುಂಬಯಿಗೆ ಹೊಸದಲ್ಲ. ಅಂದರೆ ಕಾಗದದ ಆ ಕಂಬ ಮೂರನೆಯ ಇಯತ್ತೆಯ ಮಗುವಿನ ಎದೆಯ ಮಟ್ಟಕ್ಕೆ ಬರುತ್ತದೆ, ಮತ್ತು ನೀರು ಹರಿದುಹೋಗದೆ ನಿಂತಿದ್ದರೆ ಅಂಗಳದಲ್ಲಿ ಅಷ್ಟೇ ಎತ್ತರಕ್ಕೆ ನಿಲ್ಲುತ್ತಿತ್ತೆಂದು ಆಗ ವಿವರಿಸಿ ಹೇಳಬೇಕಾಗಿಯೇ ಬರುವುದಿಲ್ಲ. ಐದನೆಯ ಇಯತ್ತೆಯವರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಸರಿಯಾಗಿ ಒಂದು ಲೀಟರ್ ನೀರು, ತಾರಸಿಯ ಉದ್ದಗಲವನ್ನು ಅಳೆದು ಅದರ ಮೇಲೆ ಬಿದ್ದ ನೀರನ್ನು ಲೆಕ್ಕಹಾಕಲಿ. ಇದೇ ತಿಂಗಳುಗಳಲ್ಲಿ ಮುಂಬಯಿಗೆ ನೀರು ಕೊಡುವ ಭಾತ್ಸಾ, ತಾನ್ಸಾ, ವಿಹಾರ, ತುಳಸಿ ಮೊದಲಾದ ಏಳು ಜಲಾಶಯಗಳ ಮಟ್ಟವನ್ನು ಪತ್ರಿಕೆಗಳು ಪ್ರಕಟಿಸುತ್ತವೆ. ಆ ಅಂಕಿಗಳನ್ನೂ ಪಕ್ಕದಲ್ಲೇ ಬರೆದಿಡಬಹುದು.

ನಮ್ಮ ಅಳತೆ ಪತ್ರಿಕೆಯ ಅಳತೆಗೆ ಹೊಂದುವುದಿಲ್ಲವೆಂದು ಮಕ್ಕಳು ಬೇಸರಿಸಿದಾಗ 2005ರ ಜುಲೈ 26ರ ಸಂಗತಿಯನ್ನು ಹೇಳಬೇಕು. ಅಂದಿನ ಇಪ್ಪತ್ನಾಲ್ಕು ಗಂಟೆಗಳ ಲೆಕ್ಕದಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯ 944 ಮಿಲಿಮೀಟರ್ ಮಳೆಯನ್ನು ದಾಖಲಿಸಿತು; ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ. ಹೀಗಿರುವಾಗ ಭಾಂಡೂಪಿನ ಅಥವಾ ವಡಾಲದ ಶಾಲೆ ತನ್ನ ಮಳೆಯನ್ನು ತಾನೇ ಅಳೆದುಕೊಳ್ಳುವುದರಲ್ಲಿ ಅರ್ಥವಿದೆ. ಬೇರೆ ಉಪನಗರದ ಕನ್ನಡ ಶಾಲೆಯೊಂದಿಗೆ ಪ್ರತಿ ಶನಿವಾರ ಅಂಕಿಗಳನ್ನು ವಿನಿಮಯ ಮಾಡಿಕೊಳ್ಳುವ ಏರ್ಪಾಡನ್ನು ಮುಖ್ಯಾಧ್ಯಾಪಕರು ಒಂದು ಫೋನ್ ಕರೆಯಲ್ಲಿ ಮಾಡಿಕೊಡಬಹುದು.

ಆಗಸ್ಟ್ ಮತ್ತು ಸೆಪ್ಟೆಂಬರ್

ಮಳೆಯ ನೀರು ನಿಂತಲ್ಲೆಲ್ಲ ಸೊಳ್ಳೆಯ ಮರಿಗಳು ಕಾಣಿಸುತ್ತವೆ. ಹೂಕುಂಡದ ತಟ್ಟೆಯ ನೀರನ್ನು ಬಿಳಿ ಬಟ್ಟಲಿಗೆ ಸುರಿದು ಭೂತಗನ್ನಡಿಯಲ್ಲಿ ನೋಡಿದರೆ, ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ, ಡೆಂಗ್ಯೂ ಹರಡುವ ಈಡಿಸ್ ಜಾತಿಯ ಮರಿ ಬಾಲದ ಕೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ತೂಗುತ್ತಿರುತ್ತದೆ. ಬಟ್ಟಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೊಡನೆ ಎಲ್ಲವೂ ಕುಲುಕುತ್ತ ಕೆಳಗಿಳಿಯುತ್ತವೆ. ಉಸಿರಿಗಾಗಿ ಮತ್ತೆ ಮೇಲೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮಕ್ಕಳು ಎಣಿಸಲಿ. ನೋಡಿ ಚಿತ್ರ ಬರೆದಾದ ಮೇಲೆ ಆ ನೀರನ್ನು ಅದೇ ದಿನ ಒಣ ನೆಲಕ್ಕೆ ಚೆಲ್ಲಲೇಬೇಕು, ನಾಳೆಗೆಂದು ಇಡುವಂತಿಲ್ಲ.

ಉಬ್ಬರವಿಳಿತವನ್ನು ಕಲಿಸಲು ಮಳೆಗಾಲದಲ್ಲಿ ಮಕ್ಕಳನ್ನು ದಂಡೆಗೆ ಕರೆದೊಯ್ಯುವುದು ಸಲ್ಲದು, ಅಗತ್ಯವೂ ಇಲ್ಲ. ಮುಂಬಯಿಯ ಪತ್ರಿಕೆಗಳಲ್ಲಿ ಬರುವ ಉಬ್ಬರದ ವೇಳೆಯನ್ನು ಒಂದು ತಿಂಗಳ ಕಾಲ ದಿನಕ್ಕೊಬ್ಬರಂತೆ ಬರೆದಿಟ್ಟರೆ ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದು ಕಾಣುತ್ತದೆ; ಎತ್ತರವನ್ನೂ ಬರೆದರೆ ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಹೆಚ್ಚುವುದು ಕಾಣುತ್ತದೆ. ದೊಡ್ಡ ಉಬ್ಬರದ ಹೊತ್ತಿಗೇ ಭಾರೀ ಮಳೆ ಸುರಿದರೆ ಚರಂಡಿಗಳ ನೀರು ಸಮುದ್ರ ಸೇರಲಾರದೆ ರಸ್ತೆಯಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಪಟ್ಟಿಯನ್ನು ಮಳೆಯ ಕಂಬದ ಪಕ್ಕದಲ್ಲಿಟ್ಟು ಓದಿಸಬಹುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ತರಗತಿಯಲ್ಲಿ ಮೊಗವೀರರ ಮನೆಯ ಮಕ್ಕಳಿದ್ದರೆ ಅದರ ಕಾರಣವನ್ನು ಶಿಕ್ಷಕರಿಗಿಂತ ಚೆನ್ನಾಗಿ ಅವರ ಅಜ್ಜಂದಿರು ಬಂದು ಹೇಳಬಲ್ಲರು.

ಗಣೇಶೋತ್ಸವದ ತಿಂಗಳಲ್ಲಿ ಒಂದೇ ತೂಕದ ಜೇಡಿಮಣ್ಣಿನ ಉಂಡೆಯನ್ನೂ ಹಳೆಯ ಅಲಂಕಾರದಿಂದ ಮುರಿದುಕೊಂಡ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಣುಕನ್ನೂ ಎರಡು ಲೋಟ ನೀರಿನಲ್ಲಿ ಹಾಕಿಡುವುದು ಸಾಕಷ್ಟು ಶಾಲೆಗಳಲ್ಲಿ ನಡೆಯುತ್ತದೆ. ಮಣ್ಣು ಕುಸಿದು ತಳ ಸೇರುತ್ತದೆ, ಇನ್ನೊಂದು ಹಾಗೆಯೇ ಇರುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಅಮೋನಿಯಂ ಬೈಕಾರ್ಬೊನೇಟಿನ ನೀರಿನಲ್ಲಿ ಅಂಥ ಮೂರ್ತಿಗಳನ್ನು ಕರಗಿಸುವ ವಿಧಾನವನ್ನು ರೂಪಿಸಿದೆ ಎಂಬ ಮಾಹಿತಿಯನ್ನು ಇಲ್ಲಿ ಸೇರಿಸಬಹುದು. ತರಗತಿಯಲ್ಲಿ ಅದನ್ನು ಮಾಡಲು ಹೋಗಬೇಡಿ, ವಾಸನೆ ತಡೆಯಲಾಗದು.

ಸಾಮಗ್ರಿಯ ಪೆಟ್ಟಿಗೆ ಮತ್ತು ಎಚ್ಚರಿಕೆ

ಒಂದು ದೊಡ್ಡ ತಗಡಿನ ಪೆಟ್ಟಿಗೆಯಲ್ಲಿ ಭೂತಗನ್ನಡಿಗಳು, ಸ್ಕೇಲುಗಳು, ಅಳತೆಯ ಟೇಪು, ಪಾದರಸವಿಲ್ಲದ ಉಷ್ಣಮಾಪಕ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಯಸ್ಕಾಂತಗಳು, ಟಾರ್ಚಿನ ಬಲ್ಬುಗಳು, ವಯರು, 1.5 ವೋಲ್ಟಿನ ಸೆಲ್‌ಗಳು ಇದ್ದರೆ ವರ್ಷ ನಡೆಯುತ್ತದೆ. ಎಲ್‌ಇಡಿ ಒಂದು ಸೆಲ್ಲಿಗೆ ಹತ್ತುವುದಿಲ್ಲ, ಎರಡನ್ನು ಸಾಲಾಗಿ ಜೋಡಿಸಬೇಕು ಮತ್ತು ಉದ್ದ ಕಾಲು ಧನ ತುದಿಗೆ ಬರಬೇಕು. ಇದು ತಿಳಿಯದೆ ‘ಕೆಟ್ಟಿದೆ’ ಎಂದು ಎಸೆದ ಎಲ್‌ಇಡಿಗಳು ಶಾಲೆಗಳ ಕಪಾಟಿನಲ್ಲಿ ಬಹಳ ಸಿಗುತ್ತವೆ. ಆರಂಭಕ್ಕೆ ಟಾರ್ಚಿನ ಬಲ್ಬೇ ಒಳ್ಳೆಯದು. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂಗಳದ ಒಣ ಮಣ್ಣಿನಲ್ಲೋ ಮರಳಿನಲ್ಲೋ ಎಳೆದರೆ ಕಪ್ಪು ಕಣಗಳು ಗಡ್ಡದಂತೆ ಅಂಟುತ್ತವೆ. ಚೀಲದೊಳಗಿನಿಂದ ಅಯಸ್ಕಾಂತವನ್ನು ಹೊರತೆಗೆದರೆ ಕಣಗಳು ಕಾಗದದ ಮೇಲೆ ಉದುರುತ್ತವೆ. ಈ ಸೀಮೆಯ ಕರಿಗಲ್ಲಿನಲ್ಲಿರುವ ಕಬ್ಬಿಣದ ಖನಿಜವದು, ಮತ್ತು ಆ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ನಿಜವಾದ ಜ್ವಾಲಾಮುಖಿಯ ಕುರುಹು ಅಂಧೇರಿಯ ಗಿಲ್ಬರ್ಟ್ ಹಿಲ್ಲಿನಲ್ಲಿ ಕಂಬಕಂಬವಾಗಿ ನಿಂತಿರುವಾಗ ಥರ್ಮೋಕೋಲಿನದ್ದು ಯಾಕೆ ಬೇಕೋ ತಿಳಿಯದು.

ಮನೆಯ ವಿದ್ಯುತ್ ಪ್ಲಗ್ಗಿಗೆ ಸಂಬಂಧಿಸಿದ ಯಾವ ಪ್ರಯೋಗವೂ ಬೇಡ. ನುಂಗಬಹುದಾದ ಗುಂಡಿ ಸೆಲ್ಲುಗಳನ್ನು ಪೆಟ್ಟಿಗೆಯಲ್ಲಿ ಇಡಲೇಬಾರದು. ಸೂರ್ಯನನ್ನು ನೇರವಾಗಿ ನೋಡುವುದು ಸಲ್ಲದು. ಭೂತಗನ್ನಡಿಯನ್ನು ಬಿಸಿಲಿಗೆ ಒಯ್ಯುವಾಗ ದೊಡ್ಡವರೊಬ್ಬರು ಜೊತೆಗಿರಬೇಕು. ಪ್ರಯೋಗಕ್ಕೆ ಬಳಸಿದ ತಿನಿಸನ್ನು ತಿನ್ನಬಾರದೆಂಬ ನಿಯಮವನ್ನು ಅಡುಗೆಮನೆಯ ಪ್ರಯೋಗಗಳಲ್ಲಿಯೂ ಸಡಿಲಿಸಬೇಡಿ.

ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ವಿಷಯದಲ್ಲಿ ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಅಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಬಹುಕಾಲ ದುಡಿದ ಅರವಿಂದ ಗುಪ್ತಾ ಅವರ ಕೆಲಸ ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಆಕೃತಿ ಕಟ್ಟುವ ಅವರ ವಿಧಾನ ರೇಖಾಗಣಿತಕ್ಕೂ ಆಗುತ್ತದೆ: ತ್ರಿಕೋನ ಅಲುಗುವುದಿಲ್ಲ, ಚೌಕ ಓಲಾಡುತ್ತದೆ. ಮದ್ದಿನ ತುದಿಯನ್ನು ಮೊದಲೇ ಕೆರೆದು ತೆಗೆದಿರಬೇಕು.

ಅಕ್ಟೋಬರ್‌ನಿಂದ ಡಿಸೆಂಬರ್: ಅಡುಗೆಮನೆ

ಅಕ್ಟೋಬರಿನ ಸೆಖೆ ಹಿಟ್ಟು ಹುಳಿಯುವುದಕ್ಕೆ ಹೇಳಿ ಮಾಡಿಸಿದ್ದು. ಬೆಳಿಗ್ಗೆ ರುಬ್ಬಿದ ಇಡ್ಲಿ ಹಿಟ್ಟನ್ನು ಯಾರಾದರೊಬ್ಬ ತಾಯಿಯಿಂದ ತರಿಸಿಕೊಂಡು, ನೇರ ಬದಿಯ ಮೂರು ಪಾರದರ್ಶಕ ಡಬ್ಬಿಗಳಿಗೆ ಸಮನಾಗಿ, ಅರ್ಧದಷ್ಟೇ ತುಂಬಿ, ಹಿಟ್ಟಿನ ಮಟ್ಟಕ್ಕೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಬೇಕು. ಒಂದು ಡಬ್ಬಿ ಕಿಟಕಿಯ ಬಳಿ, ಒಂದು ಬಿಸಿನೀರು ತುಂಬಿದ ಬಾಟಲಿಯ ಜೊತೆಗೆ ಮುಚ್ಚಿದ ಹಾಟ್‌ಕೇಸಿನಲ್ಲಿ, ಒಂದು ಶಿಕ್ಷಕರ ಕೋಣೆಯ ಫ್ರಿಜ್ಜಿನಲ್ಲಿ. ಫ್ರಿಜ್ಜಿಲ್ಲದಿದ್ದರೆ ಮಂಜುಗಡ್ಡೆ ಹಾಕಿದ ಬಕೆಟ್ ಸಾಕು. ಗಂಟೆಗೊಮ್ಮೆ ರಬ್ಬರ್ ಬ್ಯಾಂಡಿನಿಂದ ಮೇಲಕ್ಕೆ ಹಿಟ್ಟು ಎಷ್ಟು ಮಿಲಿಮೀಟರ್ ಏರಿದೆಯೆಂದು ಬರೆಯಬೇಕು. ಮೊದಲ ಗಂಟೆಗಳಲ್ಲಿ ಏನೂ ಆಗುವುದಿಲ್ಲ, ಮಕ್ಕಳು ತಾಳ್ಮೆಗೆಡುತ್ತಾರೆ. ಆಮೇಲೆ ಡಬ್ಬಿಯ ಗೋಡೆಗೆ ಒತ್ತಿಕೊಂಡು ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಮೂಡಿ, ಪಕ್ಕದ ಗುಳ್ಳೆಯನ್ನು ಸೇರಿ ದೊಡ್ಡದಾಗಿ, ಹಿಟ್ಟನ್ನು ಎತ್ತತೊಡಗುತ್ತವೆ. ಶಾಲೆಯ ಅವಧಿ ಮುಗಿದರೂ ಹಿಟ್ಟು ಏರುವುದು ಮುಗಿದಿರುವುದಿಲ್ಲವಾದ್ದರಿಂದ ಕೊನೆಯ ಎರಡು ಓದುಗಳನ್ನು ಮನೆಗೆ ಒಯ್ಯುವ ಮಗುವಿಗೆ ವಹಿಸಬೇಕು. ಮುಖ್ಯವಾಗಿ ಉದ್ದಿನಲ್ಲಿ ಇರುವ ಬ್ಯಾಕ್ಟೀರಿಯಾಗಳು ಸಕ್ಕರೆಯಂಶವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ, ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಡುತ್ತದೆ. ಅಕ್ಕಿ ಹಿಟ್ಟನ್ನಷ್ಟೇ ನೆನೆಸಿಟ್ಟ ನಾಲ್ಕನೆಯ ಡಬ್ಬಿಯೊಂದಿದ್ದರೆ ಉದ್ದಿನ ಕೆಲಸವೇನೆಂದು ಗೊತ್ತಾಗುತ್ತದೆ. ಇದೇ ಪ್ರಯೋಗವನ್ನು ಅದೇ ಅಳತೆಯಲ್ಲಿ ಡಿಸೆಂಬರಿನ ಚಳಿಯಲ್ಲಿ ಮತ್ತೆ ಮಾಡಿದಾಗ ಬರುವ ವ್ಯತ್ಯಾಸಕ್ಕೆ ಕಾರಣ ಹೇಳಲು ಮಕ್ಕಳಿಗೆ ಯಾರ ಸಹಾಯವೂ ಬೇಕಾಗುವುದಿಲ್ಲ.

ಆಮ್ಲ ಮತ್ತು ಪ್ರತ್ಯಾಮ್ಲಗಳಿಗೆ ಅರಸಿನದ ಕಾಗದವಿದೆ: ಅರಸಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಸಾಬೂನಿನ ನೀರು ತಾಕಿಸಿದರೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ಲಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿದ ರಸ ಆಮ್ಲದಲ್ಲಿ ಕೆಂಪಾಗಿಯೂ ಸೋಡಾದಲ್ಲಿ ಹಸಿರಾಗಿಯೂ ಕಾಣುತ್ತದೆ. ಕರಾವಳಿಯ ಮನೆಗಳಲ್ಲಿ ಒಣಗಿಸಿಟ್ಟ ಪುನರ್ಪುಳಿ ಇದ್ದೇ ಇರುತ್ತದೆ. ಅದರ ಉಪ್ಪಿಲ್ಲದ ಸಾರಕ್ಕೆ ಅಡುಗೆ ಸೋಡಾ ಬೆರೆಸಿ ಬಣ್ಣವೇನಾಗುತ್ತದೆಂದು ಮಕ್ಕಳೇ ನೋಡಲಿ.

ಹಕ್ಕಿಗಳ ವಿಷಯಕ್ಕೆ ನವೆಂಬರ್ 12, ಮುಂಬಯಿಯಲ್ಲಿ 1896ರಲ್ಲಿ ಹುಟ್ಟಿದ ಸಾಲಿಂ ಅಲಿ ಅವರ ಜನ್ಮದಿನ, ಸೂಕ್ತ ಸಂದರ್ಭ. ಠಾಣೆ ಖಾರಿಗೆ (ಸಮುದ್ರದ ಹಿನ್ನೀರಿಗೆ) ರಾಜಹಂಸಗಳು ಬರುವುದು ಚಳಿಗಾಲಕ್ಕೆ. ಅಷ್ಟು ದೂರ ಹೋಗಲಾಗದಿದ್ದರೆ ಶಾಲೆಯ ಕಿಟಕಿಯಿಂದ ಹತ್ತು ನಿಮಿಷ ಕಾಗೆ, ಪಾರಿವಾಳ, ಗುಬ್ಬಿ, ಹದ್ದುಗಳನ್ನು ಎಣಿಸಿದರೂ ನಡೆಯುತ್ತದೆ.

ನೆರಳಿನ ಕೋಲು

ಕೋಲಿನ ನೆರಳನ್ನು ಅಳೆಯುವ ಪ್ರಯೋಗವನ್ನು ಸೆಪ್ಟೆಂಬರ್ 22 ಅಥವಾ 23ರಂದು ಆರಂಭಿಸಿ ಶಾಲಾ ವರ್ಷದ ಕೊನೆಯವರೆಗೆ ತಿಂಗಳಿಗೊಮ್ಮೆ ನಡೆಸಬೇಕು. ಸರಿಯಾಗಿ ಒಂದು ಮೀಟರ್ ಉದ್ದದ ಕೋಲನ್ನು ಬಕೆಟಿನ ಮರಳಿನಲ್ಲಿ, ನೂಲಿಗೆ ಕಲ್ಲು ಕಟ್ಟಿದ ಲಂಬಸೂತ್ರ ಹಿಡಿದು, ನೆಟ್ಟಗೆ ನಿಲ್ಲಿಸಬೇಕು. ಮರಳಿನ ಮೇಲೆ ಕಾಣುವ ಭಾಗ ಒಂದು ಮೀಟರ್ ಇರಬೇಕು, ಮತ್ತು ನೆರಳು ಬೀಳುವ ಹಲಗೆ ಮರಳಿನ ಮಟ್ಟದಲ್ಲೇ ಇರಬೇಕು. ಮಧ್ಯಾಹ್ನ 12 ಗಂಟೆಗೆ ನೆರಳು ಅತಿ ಚಿಕ್ಕದಾಗುತ್ತದೆಂದು ಪುಸ್ತಕದಂತೆ ಹೇಳಿಬಿಟ್ಟರೆ ಮುಂಬಯಿಯಲ್ಲಿ ಅದು ಸುಳ್ಳಾಗುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಮುಂಬಯಿ ಇರುವುದು ಸುಮಾರು 72.9 ಡಿಗ್ರಿಯಲ್ಲಿ, ಆದ್ದರಿಂದ ಸೂರ್ಯನ ಮಧ್ಯಾಹ್ನ ಇಲ್ಲಿ 12.20ರಿಂದ 12.55ರ ಒಳಗೆ, ತಿಂಗಳಿಗೆ ತಕ್ಕಂತೆ ಬರುತ್ತದೆ. ಗಡಿಯಾರವನ್ನು ನಂಬುವ ಬದಲು ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದಕಡ್ಡಿಯ ಚುಕ್ಕೆಯಿಟ್ಟು ಅತಿ ಚಿಕ್ಕದನ್ನು ಆಯ್ದುಕೊಳ್ಳುವುದೇ ಸರಿಯಾದ ದಾರಿ.

ಸೆಪ್ಟೆಂಬರಿನ ಆ ದಿನ ನೆರಳು ಸುಮಾರು 34 ಸೆಂಟಿಮೀಟರ್ ಇರುತ್ತದೆ. ಡಿಸೆಂಬರ್ 22ಕ್ಕೆ ಅದು 91 ಸೆಂಟಿಮೀಟರಿಗೆ ಚಾಚುತ್ತದೆ. ಆಮೇಲೆ ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಹಂಚುವುದಕ್ಕೆ ಮೊದಲು ಅಳೆದರೆ 85 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರಗಳೇ ಕಳೆದಿವೆ. ಪಂಚಾಂಗದ ಉತ್ತರಾಯಣಕ್ಕೂ ನೆರಳಿನ ಉತ್ತರಾಯಣಕ್ಕೂ ನಡುವೆ ಬಿದ್ದಿರುವ ಈ ಅಂತರಕ್ಕೆ ಭೂಮಿಯ ಅಕ್ಷ ಶತಮಾನಗಳಿಂದ ಮೆಲ್ಲನೆ ವಾಲುತ್ತ ಸುತ್ತುತ್ತಿರುವುದೇ ಕಾರಣ. ಪ್ರಾಥಮಿಕ ಮಕ್ಕಳಿಗೆ ಅಕ್ಷದ ವಿವರಣೆ ಬೇಕಾಗಿಲ್ಲ. ಅವರ ಪುಸ್ತಕದಲ್ಲಿ ಎರಡು ಅಂಕಿಗಳಿದ್ದರೆ ಸಾಕು. ಹಬ್ಬದ ನಂಬಿಕೆಗೆ ವಿರುದ್ಧವಾಗಿ ವಾದ ಹೂಡುವುದೂ ಬೇಡ.

ಫೆಬ್ರವರಿ: ವಿಜ್ಞಾನ ದಿನ

ಸಿ. ವಿ. ರಾಮನ್ ಅವರು ತಮ್ಮ ಪರಿಣಾಮವನ್ನು 1928ರ ಫೆಬ್ರವರಿ 28ರಂದು ಕಂಡುಕೊಂಡ ನೆನಪಿಗೆ ಈ ದಿನವನ್ನು 1987ರಿಂದ ಆಚರಿಸಲಾಗುತ್ತಿದೆ. ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಬೆರೆಸಿ ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ಪಕ್ಕದಿಂದ ನೀಲಿಛಾಯೆಯೂ ಎದುರಿನಿಂದ ಕಿತ್ತಳೆ ಬಣ್ಣವೂ ಕಾಣುತ್ತದೆ. ಇದು ಚೆಂದದ ಪ್ರಯೋಗ, ಆದರೆ ಇದನ್ನು ರಾಮನ್ ಪರಿಣಾಮವೆಂದು ಪರಿಚಯಿಸುವ ಅಭ್ಯಾಸವನ್ನು ಬಿಡಬೇಕು. ಇಲ್ಲಿ ಬೆಳಕು ಚದುರುತ್ತದೆಯೇ ಹೊರತು ಅದರ ತರಂಗಾಂತರ ಬದಲಾಗುವುದಿಲ್ಲ. ರಾಮನ್ ಕಂಡದ್ದು ಆ ಬದಲಾವಣೆಯನ್ನು, ಅದಕ್ಕೇ 1930ರಲ್ಲಿ ನೊಬೆಲ್ ಬಂದದ್ದು.

ಪ್ರದರ್ಶನಕ್ಕೆ ಹೊಸ ಮಾದರಿಗಳನ್ನು ಮಾಡಿಸದೆ ವರ್ಷವಿಡೀ ಸೇರಿದ ದಾಖಲೆಗಳನ್ನೇ ಇಡಬೇಕು: ಮಳೆಯ ಕಂಬ, ಉಬ್ಬರದ ಪಟ್ಟಿ, ಹಿಟ್ಟಿನ ಅಂಕಿಗಳು, ನೆರಳಿನ ಗೆರೆಗಳು. ಬಂದ ಪಾಲಕರ ಕೈಗೆ ಸ್ಕೇಲು ಕೊಟ್ಟು ಅವರಿಂದಲೂ ಏನಾದರೊಂದನ್ನು ಅಳೆಯಿಸುವುದು ಭಾಷಣಕ್ಕಿಂತ ಮೇಲು. ವರ್ಳಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಪ್ರವಾಸ ಹೊರಡುವುದಾದರೆ ವಿಜ್ಞಾನ ದಿನದ ನೂಕುನುಗ್ಗಲನ್ನು ತಪ್ಪಿಸಿ ಬೇರೆ ವಾರದಲ್ಲಿ ಹೋಗುವುದು ಒಳಿತು. ಪ್ರತಿ ಜೋಡಿಗೂ ಒಂದೇ ಒಂದು ಪ್ರದರ್ಶಿಕೆಯನ್ನು ಚೆನ್ನಾಗಿ ನೋಡಿ ಬಂದು ಇತರರಿಗೆ ವಿವರಿಸುವ ಹೊಣೆ ಕೊಟ್ಟರೆ ಓಡಾಟ ಕಡಿಮೆಯಾಗುತ್ತದೆ. ಮಾನಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಶಾಲಾ ವಿಜ್ಞಾನದ ಕಲಿಕೆಯನ್ನೇ ಅಧ್ಯಯನ ಮಾಡಲೆಂದು 1974ರಲ್ಲಿ ಆರಂಭವಾದ ಸಂಸ್ಥೆ. ಶಿಕ್ಷಕರು ಅದರ ಸಂಪರ್ಕದಲ್ಲಿರುವುದು ಲಾಭಕರ.

ಮಾರ್ಚ್‌ನಿಂದ ಮೇ

ಮಾರ್ಚ್ ಮತ್ತು ಏಪ್ರಿಲ್ ಪರೀಕ್ಷೆಯ ಪಾಲು. ನೆರಳಿನ ತಿಂಗಳ ಅಳತೆಯೊಂದನ್ನು ಬಿಡದೆ ನಡೆಸಿದರೆ ಸಾಕು. ರಜೆಗೆ ಮಕ್ಕಳು ಊರಿಗೆ ಹೊರಡುವ ಮೊದಲು ಪ್ರತಿ ಮನೆಗೂ ಒಂದು ಕೆಲಸ ಹೇಳಿ ಕಳಿಸಬೇಕು. ಮೇ 15ರ ಸುಮಾರಿಗೆ ಮುಂಬಯಿಯಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಜುಲೈ ಕೊನೆಯಲ್ಲಿ ಮತ್ತೆ ಬರುವ ಇಂಥ ದಿನವನ್ನು ಮೋಡ ನುಂಗಿಬಿಡುತ್ತದೆ. ಅದೇ ಮೇ 15ರಂದು ಉಡುಪಿಯಲ್ಲಿರುವ ಮಗು ಒಂದು ಮೀಟರಿನ ಕೋಲು ನಿಲ್ಲಿಸಿದರೆ ಸುಮಾರು 10 ಸೆಂಟಿಮೀಟರಿನ ನೆರಳು, ಅದೂ ದಕ್ಷಿಣ ದಿಕ್ಕಿಗೆ, ಬೀಳುತ್ತದೆ. ವಿಜಯಪುರದಲ್ಲಿರುವ ಮಗುವಿಗೆ 4 ಸೆಂಟಿಮೀಟರಿನಷ್ಟು ಸಿಗುತ್ತದೆ. ಅಲ್ಲಿ ನೆರಳಿಲ್ಲದ ದಿನ ಮೇ ಮೊದಲ ವಾರದಲ್ಲೇ ಆಗಿಹೋಗಿರುತ್ತದೆ. ದಿನಾಂಕ, ಊರಿನ ಹೆಸರು, ನೆರಳಿನ ಉದ್ದ, ಅದು ಬಿದ್ದ ದಿಕ್ಕು ಈ ನಾಲ್ಕನ್ನು ಪಾಲಕರ ಗುಂಪಿಗೆ ಕಳಿಸಲಿ. ಉಡುಪಿಯಲ್ಲಿ ಸೂರ್ಯನ ಮಧ್ಯಾಹ್ನ ಮುಂಬಯಿಗಿಂತ ಏಳೆಂಟು ನಿಮಿಷ ಮೊದಲೇ, ವಿಜಯಪುರದಲ್ಲಿ ಇನ್ನೂ ಸ್ವಲ್ಪ ಮೊದಲು ಆಗುವುದರಿಂದ, ಎಲ್ಲ ಊರಿನವರೂ 12.10ರಿಂದ 12.45ರವರೆಗೆ ಐದು ನಿಮಿಷಕ್ಕೊಮ್ಮೆ ಅಳೆದು ಅತಿ ಚಿಕ್ಕ ನೆರಳನ್ನು ಮಾತ್ರ ಬರೆಯಬೇಕೆಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.